ಚೆನ್ನಾಗಿದೆ ಎಂದರೆ ನಂಬದವರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ದೇವನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಟೀಚರೊಬ್ಬರು ಎದುರಾಗಿ, "ನಿಮ್ಮ ಚಿತ್ರದ ಮನೆಯವ್ರು ಹೋಗ್ಬಿಟ್ರಂತೆ ಕಣ್ರೀ" ಎಂದರು. ಅಯ್ಯೋ ಪಾಪ ಅನ್ನಬೇಕಾದ ಜಾಗದಲ್ಲಿ ನನ್ನ ಬಾಯಿಂದ ಬಂದದ್ದು, "ಯಾರು ಹೇಳಿದ್ರು? ಅವರು ಕಣ್ಣಾರೆ ನೋಡಿದ್ರಾ?" ಆಕೆ ನನ್ನ ಮುಖವನ್ನೇ ನೋಡಿ, "ಸತ್ತೋರ ವಿಷಯಕ್ಕೂ ಅನುಮಾನಾನಾ ನಿಮಗೆ!" ಎಂದು ಬೈದು ಬಸ್ಸು ಹತ್ತಿದರು. ಬೈದದ್ದು ಸರಿ. ಆದರೆ ಆ ಮನುಷ್ಯನ ವಿಷಯದಲ್ಲಿ ಬೇರೆ ರೀತಿ ಮಾತಾಡಲು ನನಗೆ ಬರುವುದೇ ಇಲ್ಲ. ಅವರು ನನ್ನನ್ನು ಅನುಮಾನಿಸುತ್ತಿದ್ದರು, ನಾನು ಅವರನ್ನು ಅನುಮಾನಿಸುತ್ತಿದ್ದೆ. ನಮ್ಮ ಪರಿಚಯ ಅಂದರೆ ಅಷ್ಟೇ.

ಹೆಸರು ಬರೆಯುವುದಿಲ್ಲ. ಬರೆದರೆ, "ಯಾಕೆ ಬರೆದ್ರಿ? ಏನು ಬೇಕಾಗಿತ್ತು ನಿಮಗೆ?" ಎಂದು ಕೇಳುವ ಆಸಾಮಿ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬರೆದ ಒಂದು ಚಿತ್ರದಲ್ಲಿ ದೊಡ್ಡ ತಪ್ಪಿತ್ತು. ಅದು ಅಚ್ಚಾಗಿ, ಪುಸ್ತಕವಾಗಿ, ಮಕ್ಕಳ ಕೈಗೆ ಹೋಯಿತು. ಅದು ಹಾಗೆ ಹೋಗದಂತೆ ತಡೆಯಲು ನನ್ನ ಕೈಯಲ್ಲಿ ಪೂರ್ತಿ ಒಂದು ವಾರ ಇತ್ತು. ನಾನು ತಡೆಯಲಿಲ್ಲ.

ಅರವತ್ತರ ದಶಕದ ಕೊನೆಯ ವರ್ಷಗಳು. ನಾನು ನಲ್ಲೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದೆ. ನನ್ನ ತವರು ನೆಲಮಂಗಲದ ಹತ್ತಿರದ ಅರಿಶಿನಕುಂಟೆ. ಹೆದ್ದಾರಿ ಪಕ್ಕದ ಊರಾದ್ದರಿಂದ ಹಗಲೆಲ್ಲ ಯಾರ್ಯಾರೋ ಲಾರಿ ನಿಲ್ಲಿಸಿ ನೀರು ಕೇಳುತ್ತಿದ್ದರು. ನೀರು ಕೊಡು, ಚೊಂಬು ವಾಪಸ್ ಬರುವವರೆಗೆ ಅಲ್ಲೇ ನಿಂತಿರು ಅಂತ ಅಮ್ಮ ಕಲಿಸಿದ್ದಳು. ಅದೇ ಬುದ್ಧಿ ಕೆಲಸಕ್ಕೂ ಬಂತು. ಮಕ್ಕಳ ಜಗಳವಾದರೆ ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೇ ವಿಚಾರಣೆ ಶುರುಮಾಡುತ್ತಿದ್ದೆ.

ವರ್ಷಕ್ಕೊಮ್ಮೆ ಮಕ್ಕಳನ್ನು ಎಲ್ಲಿಗಾದರೂ ಹೊರಸಂಚಾರಕ್ಕೆ ಕರೆದುಕೊಂಡು ಹೋಗಬೇಕು ಅಂತ ಮೇಲಿನವರ ಆಜ್ಞೆ ಬಂತು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗೋಣವೆಂದರೆ, ಆ ಮಕ್ಕಳು ಅಪ್ಪನ ಜೊತೆ ಅಲ್ಲಿನ ದನದ ಜಾತ್ರೆಗೆ ಹೋಗಿ ಹೋಗಿ ಘಾಟಿಯನ್ನು ನನಗಿಂತ ಚೆನ್ನಾಗಿ ಬಲ್ಲರು. ಹೆಡ್‌ಮೇಷ್ಟ್ರು ತಲೆ ಕೆರೆದುಕೊಂಡು, "ದೇವನಹಳ್ಳಿ ಕೋಟೆ ಒಳಗೆ ಒಬ್ರು ಚಿತ್ರ ಇಟ್ಟವ್ರಂತೆ. ಮಕ್ಕಳ ಪುಸ್ತಕದ ಚಿತ್ರ. ನಡ್ಕೊಂಡೇ ಹೋಗಿ ಬರ್ಬೋದು. ನೀವೇ ಕರ್ಕೊಂಡು ಹೋಗ್ರಮ್ಮ" ಎಂದರು. ಬಿಟ್ಟಿ ಚಿತ್ರಶಾಲೆ ಇಟ್ಟುಕೊಂಡು ಕೂತವರು ಯಾರಪ್ಪಾ, ಯಾಕಿಟ್ಟಿದ್ದಾರೆ ಅಂತ ನನ್ನ ತಲೆಗೆ ಆಗಲೇ ಹುಳ ಬಿತ್ತು.

ಕೋಟೆಯೊಳಗಿನ ಒಂದು ಬೀದಿಯಲ್ಲಿ ಹೆಂಚಿನ ಮನೆ. ಬಾಗಿಲ ಮೇಲೆ ಅವರೇ ಕೈಯಾರೆ ಬರೆದ ಫಲಕ: ಮಕ್ಕಳ ಪುಸ್ತಕದ ಚಿತ್ರಗಳ ಸಂಗ್ರಹಾಲಯ. ಬಾಗಿಲು ಮುಚ್ಚಿತ್ತು. ಬಡಿದರೆ ಪಕ್ಕದ ಕಿಟಕಿ ಅರ್ಧ ತೆರೆಯಿತು. ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಎಷ್ಟು ಜನ?"

"ಇಪ್ಪತ್ತಾರು ಮಕ್ಕಳು ಸಾರ್."

"ಇಪ್ಪತ್ತೇಳು ಕಾಣ್ತಿದೆಯಲ್ಲ?"

ನೋಡಿದರೆ ದಾರಿಯಲ್ಲಿ ಸಿಕ್ಕ ಒಂದು ಹುಡುಗಿ ಏನೋ ನಡೆಯುತ್ತಿದೆಯೆಂದು ಸಾಲಿನ ಕೊನೆಗೆ ಸೇರಿಕೊಂಡಿದ್ದಳು. ಅವಳನ್ನು ಕಳಿಸಿದ ಮೇಲೆಯೇ ಬಾಗಿಲು ತೆರೆದದ್ದು. ಹೊರಗೆ ಬಂದವರು ಬಡಕಲು ದೇಹದ, ಮೊಣಕಾಲ ತನಕ ಪಂಚೆ ಎತ್ತಿ ಕಟ್ಟಿದ, ಅರವತ್ತು ದಾಟಿದ ಮನುಷ್ಯ. ಬಲಗೈಯ ತೋರುಬೆರಳಿಗೂ ಹೆಬ್ಬೆರಳಿಗೂ ಇಂಡಿಯನ್ ಇಂಕಿನ ಕಪ್ಪು ಹತ್ತಿ ಹೋಗಿ, ಎಷ್ಟು ತೊಳೆದರೂ ಬಿಡದಂತಾಗಿತ್ತು. ಮಕ್ಕಳೆಲ್ಲ ಅಂಗೈ ತೋರಿಸಬೇಕು. ಎಣ್ಣೆ ಇದ್ದವರು ಬಾವಿಕಟ್ಟೆಗೆ ಹೋಗಿ ಕೈ ತೊಳೆದು ಬರಬೇಕು. ಕೊನೆಗೆ ನನ್ನ ಕಡೆ ತಿರುಗಿ, "ನಿಮ್ಮದೂ" ಎಂದರು. ಇಪ್ಪತ್ತಾರು ಮಕ್ಕಳ ಎದುರಿಗೆ ನಾನು ಅಂಗೈ ತೋರಿಸಿದೆ. ಮೈ ಉರಿದುಹೋಯಿತು.

ಒಳಗೆ ಮೂರು ಕೋಣೆ. ಗೋಡೆ ತುಂಬ ಚಿತ್ರ. ಬೆಂಗಳೂರಿನ ಒಂದು ಅಚ್ಚುಕೂಟದಲ್ಲಿ ಕೂತು ಅವರು ವರ್ಷಗಟ್ಟಲೆ ಮಕ್ಕಳ ಪುಸ್ತಕಕ್ಕೆ ಬರೆದ ಮೂಲ ಚಿತ್ರಗಳು ಅವು. ಅಗಸ, ಆನೆ, ಇಲಿ, ಈಳಿಗೆಮಣೆಯ ಮುಂದೆ ಕೂತ ಅಜ್ಜಿ. ನಮ್ಮ ಮಕ್ಕಳು ಅವನ್ನು ಪುಸ್ತಕದಲ್ಲಿ ಬೆರಳಗಲ ನೋಡಿದ್ದರು. ಇಲ್ಲಿ ತಟ್ಟೆಯಗಲ, ಮೊರದಗಲ ಇದ್ದವು. "ಅಗಾ ನಮ್ಮ ಇಲಿ!" ಎಂದು ಒಬ್ಬ ಕೂಗಿದ. ನಾನೂ, ಸುಳ್ಳೇಕೆ ಹೇಳಲಿ, ಅದರ ಮುಂದೆ ಹೋಗಿ ನಿಂತೆ. ನಾನು ಚಿಕ್ಕಂದಿನಲ್ಲಿ ಅಕ್ಷರ ಕಲಿತದ್ದೂ ಅದೇ ಇಲಿಯಿಂದ. "ತುಂಬಾ ಚೆನ್ನಾಗಿದೆ ಸಾರ್" ಎಂದೆ.

"ಅದು ಬೇಡ. ಬೇರೆ ಏನಾದ್ರೂ ಹೇಳಿ."

ಇದು ಅವರ ಮಾತು. ಯಾರು ಏನೇ ಹೊಗಳಿದರೂ ಇದೇ. ಬೆಂಗಳೂರಿನ ಯಾವುದೋ ದೊಡ್ಡ ಶಾಲೆಯ ಮಕ್ಕಳು ವ್ಯಾನಿನಲ್ಲಿ ಬಂದು, ಸಾಲಾಗಿ ನಿಂತು ಒಟ್ಟಿಗೆ ವೆರಿ ನೈಸ್ ಅಂದರಂತೆ. ಹತ್ತೇ ನಿಮಿಷದಲ್ಲಿ ಅವರನ್ನು ಹೊರಗೆ ಕಳಿಸಿ ಚಿಲಕ ಹಾಕಿದರಂತೆ. ಇದನ್ನು ಅವರೇ ನನಗೆ ಹೇಳಿದ್ದು, ಸ್ವಲ್ಪ ಹೆಮ್ಮೆಯಿಂದಲೇ. ಕಾಫಿಪುಡಿಯನ್ನು ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ, ಬೀಜ ತಂದು ತಾವೇ ಹುರಿದು ಪುಡಿಮಾಡುತ್ತಿದ್ದರು. ಹಾಲಿನವಳ ಎದುರಿಗೇ ಹಾಲಿಗೆ ಬೆರಳದ್ದಿ ಗೋಡೆಗೆ ಒಂದು ಹನಿ ಇಟ್ಟು ಹರಿಯುವುದನ್ನು ನೋಡುತ್ತಿದ್ದರು. ಪಂಚಾಂಗವನ್ನೂ ಎರಡು ಇಟ್ಟುಕೊಂಡಿದ್ದರು. ಒಂದರಲ್ಲಿ ತಪ್ಪಿದ್ದರೆ ಇನ್ನೊಂದರಲ್ಲಿ ಸಿಗಲಿ ಅಂತ. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತಂತೆ. ಆ ಪುಣ್ಯಾತ್ಗಿತ್ತಿ ಹೇಗೆ ಬಾಳಿದಳೋ.

ಮಕ್ಕಳಿಗೆ ಅವರು ಹೇಳುತ್ತಿದ್ದದ್ದು ಒಂದೇ: "ತಪ್ಪು ಹೇಳಿ. ಯಾವ ಚಿತ್ರದಲ್ಲಿ ಏನು ತಪ್ಪಿದೆ, ಹೇಳಿ." ಹೇಳಿ, ಹಿಂದಕ್ಕೆ ಹೋಗಿ ಒಂದು ಮುಕ್ಕಾಲಿ ಪೀಠದ ಮೇಲೆ ಕೂರುತ್ತಿದ್ದರು. ಚಿತ್ರ ನೋಡುತ್ತಿರಲಿಲ್ಲ, ಮಕ್ಕಳ ಮುಖ ನೋಡುತ್ತಿದ್ದರು. ಅದು ನನಗೆ ಹಿಡಿಸಲಿಲ್ಲ. ಹಳ್ಳಿ ಮಕ್ಕಳು ಏನಾದರೂ ಪೆದ್ದು ಪೆದ್ದಾಗಿ ಹೇಳಲಿ, ನಗೋಣ ಅಂತ ಕಾಯುತ್ತಿದ್ದಾರೆ ಅಂದುಕೊಂಡೆ.

ಆ ಮೊದಲ ಸಲ ಏಳನೇ ತರಗತಿಯ ಒಬ್ಬ ಹುಡುಗ ಒಂದು ಚಿತ್ರದ ಮುಂದೆ ನಿಂತ. ರೈತನೊಬ್ಬ ಮನೆಯೊಳಗಿನ ಬಿದಿರಿನ ಕಣಜಕ್ಕೆ ರಾಗಿ ಸುರಿಯುತ್ತಿರುವ ಚಿತ್ರ. "ಸಾರ್, ಇದು ತಪ್ಪು. ರಾಗಿ ಇಂಗಿಕ್ಕಲ್ಲ. ನಮ್ಮನೇಲಿ ಹಗೇವಲ್ಲಿ ಇಕ್ಕವ್ರೆ, ಹಿತ್ಲಲ್ಲಿ, ನೆಲದೊಳ್ಗೆ. ಮ್ಯಾಲೆ ಮಣ್ಣು ಮುಚ್ಚಿ ಸಗಣಿ ಸಾರ್ಸವ್ರೆ, ಗೊತ್ತೇ ಆಗಲ್ಲ" ಎಂದ.

ಪೀಠದಿಂದ ಎದ್ದರು ನೋಡಿ ನಮ್ಮ ಚಿತ್ರದ ಮನೆಯವರು! ಜೇಬಿನಿಂದ ಒಂದು ನೋಟ್‌ಬುಕ್ಕು, ಕಿವಿಯ ಹಿಂದಿನಿಂದ ಒಂದು ಪೆನ್ಸಿಲ್ಲು. "ನಿನ್ನ ಹೆಸರೇನು? ತಂದೆ ಹೆಸರು? ಊರು? ಹಗೇವು ಎಷ್ಟು ಆಳ ಇರುತ್ತೆ?" ಹುಡುಗ ಎದೆಯುಬ್ಬಿಸಿ ಎಲ್ಲ ಹೇಳಿದ. ಅವರು ಎಲ್ಲ ಬರೆದುಕೊಂಡರು.

ಈಗಿನವರಿಗೆ ಇದರಲ್ಲೇನು ಎನ್ನಿಸಬಹುದು. ಆಗ ಸರ್ಕಾರ ರೈತರಿಂದ ರಾಗಿಯನ್ನು ಲೆವಿ ಅಂತ ವಸೂಲು ಮಾಡುತ್ತಿತ್ತು. ಯಾರ ಮನೆಯಲ್ಲಿ ಎಷ್ಟಿದೆ ಅಂತ ತಿಳಿಯಲು ಅಧಿಕಾರಿಗಳು ಊರೂರು ತಿರುಗುತ್ತಿದ್ದರು. ಅಂಥ ಕಾಲದಲ್ಲಿ ಅಪ್ಪನ ಹೆಸರು, ಊರು, ಹಿತ್ತಿಲಲ್ಲಿ ಮುಚ್ಚಿಟ್ಟ ರಾಗಿಯ ಆಳ ಎಲ್ಲವನ್ನೂ ಗುರುತಿಲ್ಲದ ಮನುಷ್ಯನೊಬ್ಬ ಬರೆದುಕೊಂಡರೆ ಏನಾಗಬೇಕು?

ಮಾರನೆಯ ದಿನ ಪ್ರಾರ್ಥನೆ ಮುಗಿಯುವ ಮೊದಲೇ ಆ ಹುಡುಗನ ಅಪ್ಪ ಶಾಲೆಗೆ ಬಂದರು. ಜೊತೆಗೆ ಇನ್ನೂ ಐದಾರು ಜನ.

"ಏನ್ ಟೀಚರಮ್ಮ, ನೀನು ಪಾಠ ಏಳ್ಕೊಡಾಕ್ ಬಂದಿದ್ದೀಯೋ, ಮನೆ ಮುರ್ಯಾಕ್ ಬಂದಿದ್ದೀಯೋ?"

"ಅವರು ಚಿತ್ರ ಬರೆಯೋರು ಕಣಪ್ಪಾ, ಲೆವಿಯವರಲ್ಲ."

"ನಿಂಗೆಂಗೆ ಗೊತ್ತು? ಚಿತ್ರ ಬರ್ಯೋನಿಗೆ ನಮ್ಮಪ್ಪನ ಕಾಲದ ಹಗೇವಿನ ಆಳ ಕಟ್ಕೊಂಡು ಏನಾಗ್ಬೇಕು?"

ನನಗೂ ಅದೇ ಅನುಮಾನ. ಆ ಮನೆಯವರು ಒಂದೇ ವಾರದಲ್ಲಿ ರಾಗಿಯನ್ನೆಲ್ಲ ಮೇಲೆತ್ತಿ ನಂಟರ ಊರಿಗೆ ಸಾಗಿಸಿದರು. ಲೆವಿಯವರು ಬರಲೇ ಇಲ್ಲ. ಬರದಿದ್ದದ್ದಕ್ಕೂ ಊರು ಸಮಾಧಾನಪಡಲಿಲ್ಲ, ಸಾಗಿಸಿದ ಸುದ್ದಿ ಆ ಚಿತ್ರದವನಿಗೆ ಸಿಕ್ಕಿರಬೇಕು ಅಂದರು. ಹೆಡ್‌ಮೇಷ್ಟ್ರು ನನ್ನನ್ನು ಕರೆದು, "ಇನ್ನೊಂದ್ಸಲ ಇಂಥದ್ದಾದ್ರೆ ನಿಮ್ಮನ್ನ ಎತ್ತಂಗಡಿ ಮಾಡಿಸ್ತಾರೆ ನೋಡ್ರಮ್ಮಾ" ಎಂದರು. ನನಗೆ ಆಗ ಮದುವೆಯಾಗಿ ಹೊಸದು. ಯಜಮಾನರಿಗೆ ದೊಡ್ಡಬಳ್ಳಾಪುರದಲ್ಲಿ ಗುಮಾಸ್ತೆ ಕೆಲಸ. ಎತ್ತಂಗಡಿ ಅಂದರೆ ಜೀವ ಬಾಯಿಗೆ ಬರುತ್ತಿತ್ತು.

ಮುಂದಿನ ವರ್ಷ ಮತ್ತೆ ಅಲ್ಲಿಗೇ ಹೊರಡುವ ಪ್ರಸಂಗ ಬಂತು. ಬೇರೆ ಜಾಗ ಹುಡುಕುವ ತಾಳ್ಮೆ ಹೆಡ್‌ಮೇಷ್ಟ್ರಿಗಿರಲಿಲ್ಲ. ನಾನು ಹೊರಡುವ ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಾಠ ಒಪ್ಪಿಸಿಕೊಂಡಂತೆ ಒಪ್ಪಿಸಿಕೊಂಡೆ. "ಅವರು ತಪ್ಪು ಹೇಳಿ ಅಂದ್ರೆ ಏನ್ ಹೇಳ್ಬೇಕು?"

"ಎಲ್ಲಾ ಸರಿಯಾಗಿದೆ ಸಾರ್!"

"ಹೆಸರು ಕೇಳಿದ್ರೆ?"

"ಟೀಚರನ್ನ ಕೇಳಿ ಸಾರ್!"

ಮೂರು ಸಲ ಹೇಳಿಸಿದೆ. ನಲ್ಲೂರಿನ ಹುಣಿಸೆ ತೋಪು ದಾಟುವಾಗ ಇನ್ನೊಮ್ಮೆ ಹೇಳಿಸಿದೆ. ಮಕ್ಕಳಿಗೆ ಅದೇ ಒಂದು ಆಟವಾಗಿ ದಾರಿಯುದ್ದಕ್ಕೂ ಕೂಗಿಕೊಂಡು ಬಂದವು.

ಅವರು ಆ ದಿನ ಹಿಂದಿನ ಸಲದಂತಿರಲಿಲ್ಲ. ಕಿಟಕಿಯಿಂದ ಎಣಿಸಿದರು, ಅಂಗೈ ನೋಡಿದರು, ಎಲ್ಲ ಸರಿ. ಆದರೆ ಮೊದಲೆರಡು ಕೋಣೆಯನ್ನು ಬೇಗ ಬೇಗ ತೋರಿಸಿ ಮೂರನೆಯದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಯ ಮೇಲೆ ಹೊಸ ಚಿತ್ರಗಳು, ಇನ್ನೂ ಚೌಕಟ್ಟು ಹಾಕಿಸಿರಲಿಲ್ಲ. ಬೆಂಗಳೂರಿನ ಪ್ರಕಾಶಕರೊಬ್ಬರು ಮಕ್ಕಳ ಹೊಸ ಓದುವ ಪುಸ್ತಕ ತರುತ್ತಿದ್ದಾರೆ, ನಮ್ಮ ಸೀಮೆಯ ಕಸುಬುಗಳ ಮೇಲೆ ಪಾಠಗಳಿವೆ, ಅದಕ್ಕೆ ಬರೆದದ್ದು ಅಂದರು. "ಮುಂದಿನ ಸೋಮವಾರ ಅಚ್ಚಿನ ಬ್ಲಾಕ್ ಮಾಡೋಕೆ ಹೋಗುತ್ತೆ. ಬ್ಲಾಕ್ ಆದ್ಮೇಲೆ ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ. ಅದಕ್ಕೇ ಹೇಳ್ತೀನಿ, ಇವತ್ತು ಚೆನ್ನಾಗಿ ನೋಡಿ. ತಪ್ಪು ಹೇಳಿ" ಎಂದರು.

"ಎಲ್ಲಾ ಸರಿಯಾಗಿದೆ ಸಾರ್!" ಇಪ್ಪತ್ತು ಚಿಲ್ಲರೆ ಗಂಟಲು ಒಟ್ಟಿಗೆ.

ಅವರು ಪೀಠದ ಮೇಲೆ ಕೂರಲು ಹೋಗಿದ್ದವರು ಹಾಗೇ ನಿಂತರು. "ನೋಡದೆ ಹೇಳ್ತೀರಲ್ರೋ. ಹತ್ತಿರ ಹೋಗಿ ನೋಡಿ." ಮಕ್ಕಳು ಹತ್ತಿರ ಹೋದರು, ನೋಡಿದರು, ತಿರುಗಿ ನನ್ನ ಮುಖ ನೋಡಿ ಮತ್ತೆ ಅದೇ ಕೂಗಿದರು.

ಆಗ ಐದನೇ ತರಗತಿಯ ಪಿಳ್ಳಮ್ಮ ಒಂದು ಚಿತ್ರದ ಮುಂದಿನಿಂದ ಕದಲದೆ ನಿಂತಿದ್ದಳು. ರೇಷ್ಮೆ ಹುಳುವಿನ ಪಾಠದ ಚಿತ್ರ. ಹಸಿರು ಹಸಿರಾದ ಹಿಪ್ಪುನೇರಳೆ ಗಿಡ, ಅದರ ಕೊಂಬೆಗಳ ತುಂಬ ಹಳದಿ ಬಣ್ಣದ ರೇಷ್ಮೆಗೂಡುಗಳು ಹಣ್ಣಿನಂತೆ ತೂಗಾಡುತ್ತಿದ್ದವು, ಕೆಳಗೆ ಒಬ್ಬ ಹೆಂಗಸು ಬುಟ್ಟಿ ಹಿಡಿದು ಗೂಡು ಕೀಳುತ್ತಿದ್ದಳು. ನನ್ನ ಕಣ್ಣಿಗೆ ಬಹಳ ಚೆಂದ ಕಂಡ ಚಿತ್ರ. ಅರಿಶಿನಕುಂಟೆಯಲ್ಲಿ ನಾನು ರೇಷ್ಮೆ ಹುಳು ನೋಡಿದವಳಲ್ಲ. ಈ ಊರಿಗೆ ಬಂದ ಮೇಲೂ ಹುಳುಮನೆಗೆ ಯಾರೂ ನನ್ನನ್ನು ಬಿಟ್ಟಿರಲಿಲ್ಲ. ಹೊರಗಿನವರ ಕಣ್ಣು ಬಿದ್ದರೆ ಹುಳು ಉಳಿಯುವುದಿಲ್ಲವೆಂದು ಅವರ ನಂಬಿಕೆ. ಹುಳು ಮನೆಯಲ್ಲಿರುವ ದಿನಗಳಲ್ಲಿ ಮಕ್ಕಳ ಹಾಜರಿ ಕೇಳಲು ಹೋದರೂ ಜಗಲಿಯಿಂದಲೇ ಮಾತಾಡಿ ಕಳಿಸುತ್ತಿದ್ದರು.

ಪಿಳ್ಳಮ್ಮ ಕೈಯೆತ್ತಿದಳು. "ಸಾರ್, ಈ ಗೂಡು..."

ನಾನು ಅವಳ ಹಿಂದೆಯೇ ಇದ್ದೆ. ರಟ್ಟೆಯನ್ನು ಹಿಡಿದು ಚಿವುಟಿದೆ. ಮೆಲ್ಲಗೆ ಚಿವುಟಿದೆ ಅಂತ ಬರೆಯಬಹುದಿತ್ತು. ಮೆಲ್ಲಗೆ ಅಲ್ಲ, ಜೋರಾಗಿಯೇ. ಅವಳ ಅಪ್ಪನ ಹೆಸರು, ಅವರ ಮನೆಯ ಹುಳು, ಸೊಪ್ಪು, ಗೂಡು ಎಲ್ಲ ಆ ನೋಟ್‌ಬುಕ್ಕಿಗೆ ಹೋಗಿ, ಮಾರನೆಯ ದಿನ ಊರೆಲ್ಲ ಶಾಲೆಯ ಮುಂದೆ ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತ್ತು.

"ಏನಮ್ಮ? ಗೂಡು ಏನು?" ಅವರು ಓಡಿಬಂದಂತೆ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

ಪಿಳ್ಳಮ್ಮ ರಟ್ಟೆ ಉಜ್ಜಿಕೊಂಡಳು. "ಎಲ್ಲಾ ಸರಿಯಾಗಿದೆ ಸಾರ್."

ಅವರು ಅವಳನ್ನು ಬಿಟ್ಟು ನನ್ನನ್ನು ನೋಡಿದರು. ಕಿಟಕಿಯಿಂದ ಎಣಿಸುವಾಗಿನ ಅದೇ ಕಣ್ಣು. "ಟೀಚರೇ, ಇದು ಮಗು ಹೇಳ್ತಿರೋದಾ, ನೀವು ಹೇಳ್ತಿರೋದಾ?"

"ಅವಳೇ ಹೇಳ್ತಿರೋದು ಸಾರ್. ಅವರ ಮನೇಲಿ ಹುಳು ಸಾಕ್ತಾರೆ. ಅವಳಿಗೆ ಗೊತ್ತಿರುತ್ತೆ."

ಇಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವರ ಮುಖ ಸಡಿಲವಾಯಿತು. ನಾವು ಹೊರಡುವಾಗ ಬಾಗಿಲ ತನಕ ಬಂದು ನನ್ನ ಜೊತೆ ಎಂದೂ ಆಡದಷ್ಟು ಮಾತಾಡಿದರು. "ನೋಡಿ, ಆ ಒಂದು ಚಿತ್ರದ್ದೇ ನನಗೆ ಭಯ ಇತ್ತು. ಒಂದು ಹಳೇ ಇಂಗ್ಲಿಷ್ ಪುಸ್ತಕದಲ್ಲಿ ನೋಡ್ಕೊಂಡು ಬರೆದಿದ್ದು. ಕಣ್ಣಿಂದ ನೋಡಿಲ್ಲ. ಐದು ಹಳ್ಳಿ ತಿರುಗಿದೆ ರೀ. ಒಬ್ರೂ ಹುಳುಮನೆಗೆ ಬಿಡಲಿಲ್ಲ. ಒಂದು ಕಡೆ ನಾಯಿ ಬಿಟ್ರು. ಹಿಂಗಾ ಹಂಗಾ ಅಂತ ಬಾಯಲ್ಲಿ ಕೇಳಿದ್ರೆ, ಹೌದು ಬುದ್ಧಿ, ನೀವು ಹೇಳ್ದಂಗೇನೇ ಅಂತಾರೆ. ಸಾಗಹಾಕೋಕೆ. ಮಕ್ಕಳು ಹಂಗೆ ಸಾಗಹಾಕಲ್ಲ ನೋಡಿ. ಸರಿ ಬಿಡಿ, ಹುಳು ಸಾಕೋರ ಮಗೂನೇ ಹೇಳಿದ ಮೇಲೆ ಇನ್ನೇನು." ಎಂದು ನನಗೆ ಕೈಮುಗಿದರು. ಹಾಲಿನವಳನ್ನು ನಂಬದವರು, ಪಂಚಾಂಗವನ್ನು ನಂಬದವರು, ನನ್ನ ಮಾತನ್ನು ನಂಬಿದರು.

ವಾಪಸ್ ಬರುವಾಗ ಪಿಳ್ಳಮ್ಮ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು. ನಿಂತು ಅವಳನ್ನು ಜೊತೆ ಸೇರಿಸಿಕೊಂಡೆ. "ಅದೇನೇ ಅದು, ಗೂಡಿಂದು?"

ಅವಳು ನೆಲ ನೋಡಿಕೊಂಡು ಹೇಳಿದಳು. "ಹುಳ ಗಿಡದ ಮ್ಯಾಲೆ ಗೂಡು ಕಟ್ಟಲ್ಲ ಟೀಚರ್. ಗಿಡದಾಗೆ ಇರೋದೇ ಇಲ್ಲ ಅವು. ಮನೆಯಾಗೆ ತಟ್ಟೇಲಿ ಇರ್ತವೆ. ಸೊಪ್ಪು ಕೊಯ್ಕೊಂಡ್ ಬಂದು ಹಾಕ್ಬೇಕು. ಹುಳ ಬಲ್ತು ಹಣ್ಣಾದ್ಮ್ಯಾಕೆ ಒಂದೊಂದೇ ಆಯ್ದು ಚಂದ್ರಂಕಿಗೆ ಬುಡ್ಬೇಕು. ಅಲ್ಲಿ ಕಟ್ತವೆ."

ಚಂದ್ರಂಕಿ ಅಂದರೆ ಬಿದಿರಿನ ಚಾಪೆಯ ಮೇಲೆ ಬಿದಿರಿನ ದಬ್ಬೆಯನ್ನೇ ಸುತ್ತು ಸುತ್ತಾಗಿ ಕಟ್ಟಿದ ದೊಡ್ಡ ತಟ್ಟೆ. ಮನೆಮನೆಯ ಗೋಡೆಗೆ ಒರಗಿಸಿಟ್ಟದ್ದನ್ನು ದಿನವೂ ನೋಡುತ್ತಿದ್ದೆ, ಯಾತಕ್ಕೆಂದು ಕೇಳಿರಲಿಲ್ಲ.

ಅಂದು ಸೋಮವಾರ. ಬ್ಲಾಕಿಗೆ ಹೋಗಲು ಇನ್ನೂ ಏಳು ದಿನ. ಐದಾರು ಮೈಲಿ ನಡೆದು ಹೋಗಿ, ಸಾರ್, ಆ ಚಿತ್ರ ತಪ್ಪು ಅಂದರೆ ಮುಗಿಯುತ್ತಿತ್ತು. ಗುರುವಾರ ಶಾಲೆ ಬಿಟ್ಟ ಮೇಲೆ ಹೊರಟೆ ಕೂಡ. ತೋಪಿನ ಹತ್ತಿರ ಹೋಗಿ ನಿಂತೆ. ಹೇಳಿದರೆ ಚಿವುಟಿದ್ದನ್ನೂ ಹೇಳಬೇಕು, ಕಲಿಸಿ ಕರೆತಂದದ್ದನ್ನೂ ಹೇಳಬೇಕು. ಅವರು ಹೆಡ್‌ಮೇಷ್ಟ್ರಿಗೆ ಬರೆದರೆ? ಅವರು ನಿಜಕ್ಕೂ ಬರೀ ಚಿತ್ರದವರೇ ಎಂದು ಏನು ಗ್ಯಾರಂಟಿ? ಆ ಮಾತು, ಆ ಕೈಮುಗಿದದ್ದು ಎಲ್ಲ ನಾಟಕವಾಗಿದ್ದರೆ? ಬೇರೆ ಶಾಲೆಯವರು ಬರುತ್ತಾರೆ, ಅವರ ಮಕ್ಕಳು ಯಾರಾದರೂ ಹೇಳುತ್ತಾರೆ ಬಿಡು ಅಂದುಕೊಂಡು ತಿರುಗಿ ಬಂದೆ. ಶನಿವಾರವೂ ಹೋಗಲಿಲ್ಲ, ಭಾನುವಾರವೂ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಎದ್ದಾಗ, ಥೂ, ನನಗೆ ಸಮಾಧಾನವೇ ಆಯಿತು. ಇನ್ನು ಯೋಚಿಸುವ ಅಗತ್ಯವಿಲ್ಲವಲ್ಲ ಅಂತ.

ಜೂನ್‌ನಲ್ಲಿ ಪುಸ್ತಕ ನಮ್ಮ ಶಾಲೆಗೇ ಬಂತು. ಹೊಸ ಕಾಗದದ ವಾಸನೆ, ಬಣ್ಣದ ರಕ್ಷಾಪುಟ. ರೇಷ್ಮೆಯ ಪಾಠದಲ್ಲಿ ಅದೇ ಗಿಡ, ಅದೇ ತೂಗಾಡುವ ಗೂಡು. ಊರಿಗೆ ಊರೇ ನಕ್ಕಿತು. ಪಿಳ್ಳಮ್ಮನ ಅಜ್ಜಿ ಶಾಲೆಯ ಬೇಲಿಯ ಆಚೆ ನಿಂತು, "ಗಿಡದಾಗೇ ಬುಡ್ತದಂತೆ ಕಣೇ! ನಾವ್ ಯಾಕೆ ಈಟು ವರ್ಸ ಸೊಪ್ಪು ಒತ್ತು ಸತ್ವೋ!" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಪುಸ್ತಕ ಬರೆದವರಿಗೆಲ್ಲ ಬುದ್ಧಿ ಇಲ್ಲ ಅಂತ ತೀರ್ಮಾನವಾಯಿತು. ಆ ತಪ್ಪು ಯಾರದೆಂದು ನನಗೆ ಗೊತ್ತಿತ್ತು, ಪಿಳ್ಳಮ್ಮನಿಗೂ ಗೊತ್ತಿತ್ತು. ಅವಳು ನಗಲಿಲ್ಲ. ನಾನು ಆ ಪಾಠವನ್ನು ಚಿತ್ರ ತೋರಿಸದೆ ಗಡಿಬಿಡಿಯಲ್ಲಿ ಓದಿ ಮುಗಿಸಿದೆ.

ಆಮೇಲೆ ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದರು. ಹೊಸ ಪುಸ್ತಕ ಕೈಗೆತ್ತಿಕೊಂಡು ಅದೇ ಪುಟ ತೆರೆಯಬೇಕೇ! "ರೇಷ್ಮೆ ಹುಳು ಎಲ್ಲಿ ಗೂಡು ಕಟ್ಟುತ್ತೆ? ಯಾರು ಹೇಳ್ತೀರಿ?" ಯಾರೂ ಏಳಲಿಲ್ಲ. ಎಲ್ಲರಿಗೂ ಗೊತ್ತು, ಆದರೆ ಪುಸ್ತಕದಲ್ಲಿ ಬೇರೆ ಇದೆ. ಇನ್‌ಸ್ಪೆಕ್ಟರ್ ಬೆರಳು ತೋರಿಸಿದ್ದು ಪಿಳ್ಳಮ್ಮನಿಗೆ.

ಅವಳು ಎದ್ದು ನಿಂತಳು. ಇನ್‌ಸ್ಪೆಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಹಿಪ್ಪುನೇರಳೆ ಗಿಡದಲ್ಲಿ ಸಾರ್."

"ಶಭಾಷ್!"

ಬೆಳಿಗ್ಗೆ ಎದ್ದು ಚಂದ್ರಂಕಿಯಿಂದ ಗೂಡು ಬಿಡಿಸಿ, ಕೈ ತೊಳೆದು ಶಾಲೆಗೆ ಬಂದಿದ್ದ ಮಗು ಅದು. ಇಡೀ ತರಗತಿ ತಲೆ ತಗ್ಗಿಸಿತು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಳು ಬಂದಿತ್ತು, ಸಿಟ್ಟೂ ಬಂದಿತ್ತು, ಯಾರ ಮೇಲೆ ಎಂದು ಹೇಳಬೇಕಾಗಿಲ್ಲ.

ಆ ಭಾನುವಾರ ಕೋಟೆಗೆ ಹೋದೆ. ಕಿಟಕಿ ತೆರೆಯಿತು, ಕಣ್ಣು ಕಂಡಿತು. "ಎಷ್ಟು ಜನ?" "ನಾನೊಬ್ಬಳೇ ಸಾರ್." ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ಜಗಲಿಯ ಮೇಲೆ ನಿಂತೇ ಎಲ್ಲ ಹೇಳಿದೆ. ಹಗೇವು, ಲೆವಿ, ಕಲಿಸಿ ತಂದದ್ದು, ಚಿವುಟಿದ್ದು, ತೋಪಿನಿಂದ ತಿರುಗಿ ಹೋದದ್ದು, ಇನ್‌ಸ್ಪೆಕ್ಟರು. ಅವರಿಗೆ ತಪ್ಪಿನ ವಿಷಯ ಮೊದಲೇ ತಿಳಿದಿತ್ತು. ವಿಜಯಪುರದ ಕಡೆಯ ಶಾಲೆಯ ಮಕ್ಕಳು ಬಂದು ಬಿದ್ದು ಬಿದ್ದು ನಕ್ಕರಂತೆ. ಆ ಚಿತ್ರವನ್ನು ಗೋಡೆಯಿಂದ ತೆಗೆದಿದ್ದರು. ಮೊಳೆ ಮಾತ್ರ ಇತ್ತು.

ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ಕು ತಂದು ನನ್ನ ಮುಂದೆ ಬಿಚ್ಚಿದರು. ಪುಟದ ಮೇಲೆ ಪುಟ. ಎತ್ತಿಗೆ ಮೂಗುದಾರ ಇಲ್ಲ. ಏತದ ಹಗ್ಗ ತಿರುವುಮುರುವು. ರಾಗಿಯ ತೆನೆ ಭತ್ತದಂತಿದೆ. ಪ್ರತಿಯೊಂದರ ಮುಂದೆ ಒಂದು ಮಗುವಿನ ಹೆಸರು, ತಂದೆಯ ಹೆಸರು, ಊರು. ಕಣಜದ ಪುಟದಲ್ಲಿ ನಮ್ಮ ಹುಡುಗನ ಹೆಸರಿತ್ತು. ಪಕ್ಕದಲ್ಲಿ ಹಗೇವಿನ ಹೊಸ ಚಿತ್ರ, ಪೆನ್ಸಿಲ್ಲಿನದು, ಅವನು ಹೇಳಿದ ಆಳಕ್ಕೆ ಸರಿಯಾಗಿ.

"ಯಾರು ತಿದ್ದಿದ್ರು ಅಂತ ಗುರುತಿರಬೇಕಲ್ವೇನ್ರೀ" ಎಂದರು. "ನಾನು ತಿದ್ದಿದೆ ಅಂತ ನಾಳೆ ನನಗೇ ಅನ್ನಿಸಿಬಿಡುತ್ತೆ."

"ತಪ್ಪಾಯ್ತು ಸಾರ್" ಎಂದೆ.

"ನಾನು ಯಾರನ್ನೂ ನಂಬೋನಲ್ಲ. ಅವತ್ತೊಂದಿನ ನಂಬಿದೆ. ಮಗು ರಟ್ಟೆ ಉಜ್ಜಿಕೊಂಡಿದ್ದು ನೋಡಿದೆ, ಆದ್ರೂ ನಂಬಿದೆ. ಚಿತ್ರ ಸರಿಯಾಗಿದ್ರೆ ಸಾಕು ಅಂತ ಆಸೆ ಇತ್ತು ನೋಡಿ." ಪೆನ್ಸಿಲ್ಲು ತೆಗೆದು, "ಆ ಮಗು ಹೆಸರೇನು? ತಂದೆ ಹೆಸರು?" ಎಂದರು. ಹೇಳಿದೆ. ಬರೆದುಕೊಂಡು, ನನಗೆ ಕೂತುಕೊಳ್ಳಿ ಎನ್ನದೆ ಬಾಗಿಲು ಹಾಕಿಕೊಂಡರು.

ಮುಂದಿನ ಸಲ ನಾವು ಹೋದಾಗ ಫಲಕದ ಕೆಳಗೆ ಇನ್ನೊಂದು ಸಾಲು ಬರೆದಿತ್ತು: ಮಕ್ಕಳಿಗೆ ಮಾತ್ರ ಪ್ರವೇಶ. ಶಿಕ್ಷಕರು ಹೊರಗೆ ಕಾಯಬೇಕು. ಎಲ್ಲ ಶಾಲೆಯವರಿಗೂ ಅದೇ ನಿಯಮ. ಹೊಸಕೋಟೆಯ ಕಡೆಯ ಒಬ್ಬ ಮೇಷ್ಟ್ರು ಜಗಳವಾಡಿ ಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರಂತೆ. ಇದಕ್ಕೆ ಕಾರಣ ಏನಿರಬಹುದು ಅಂತ ನಮ್ಮ ತಾಲ್ಲೂಕಿನ ಟೀಚರುಗಳೆಲ್ಲ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು, ಅವರ ನಡತೆಯ ಮೇಲೆಯೇ ಮಾತಾಡಿದವರೂ ಇದ್ದರು. ಕಾರಣ ನಾನು ಅಂತ ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅಂದು ನಾನು ಜಗಲಿಯ ಮೇಲೆ ಕೂತೆ. ಅವರು ಮಕ್ಕಳ ಅಂಗೈ ನೋಡಿ ಒಳಗೆ ಬಿಟ್ಟು, ನನ್ನನ್ನು ನೋಡದೆ ಚಿಲಕ ಹಾಕಿದರು. ಹೊರಡುವ ಮೊದಲು ಮಕ್ಕಳಿಗೆ ನಾನು ಏನನ್ನೂ ಕಲಿಸಿರಲಿಲ್ಲ. ಕಾಣಿಸಿದ್ದು ಹೇಳಿ ಅಂದಿದ್ದೆ, ಅಷ್ಟೇ. ಮೊದಲು ಒಳಗಿಂದ ಸದ್ದೇ ಇಲ್ಲ. ಆಮೇಲೆ ಗುಜುಗುಜು, ಒಬ್ಬ ನಕ್ಕ, ಇನ್ನೊಬ್ಬ ಕೂಗಿದ, ಅವರ ಒಡಕು ದನಿ "ಇರ್ರೋ, ಒಬ್ಬೊಬ್ಬರೇ ಹೇಳ್ರೋ" ಎಂದಿತು. ಆಮೇಲೆ ಪಿಳ್ಳಮ್ಮನ ದನಿ. ಮಾತು ಕೇಳುತ್ತಿರಲಿಲ್ಲ. ಉದ್ದಕ್ಕೆ, ತಡೆಯಿಲ್ಲದೆ, ಏನೋ ಹೇಳುತ್ತಲೇ ಇದ್ದಳು. ಶಾಲೆಯಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬಾಗಿಲಿಗೆ ಕಿವಿಯಿಡಬೇಕೆನ್ನಿಸಿತು. ನಾಚಿಕೆಯಾಗಿ ಕೂತೇ ಇದ್ದೆ.

ಮಕ್ಕಳು ಹೊರಗೆ ಬಂದವು. ಪಿಳ್ಳಮ್ಮ ಕೊನೆಗೆ ಬಂದಳು, ಮುಖ ಅರಳಿತ್ತು. ನನ್ನನ್ನು ಕಂಡದ್ದೇ ಆ ಮುಖ ಮೊದಲಿನಂತಾಯಿತು.

"ಅಷ್ಟು ಹೊತ್ತು ಏನೇ ಹೇಳ್ತಿದ್ದೆ ಅವರಿಗೆ?" ಎಂದು ಕೇಳಿದೆ. ನಗುನಗುತ್ತಲೇ ಕೇಳಿದೆ.

ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಎಡಗೈಯಿಂದ ಬಲಗೈಯ ರಟ್ಟೆಯನ್ನು ಮುಚ್ಚಿಕೊಂಡಳು.

"ಅದು ಅವರಿಗೆ ಹೇಳಿದ್ದು ಟೀಚರ್" ಎಂದು, ಓಡಿಹೋಗಿ ಉಳಿದವರ ಜೊತೆ ಸೇರಿಕೊಂಡಳು.